ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಕೀಟಶಾಸ್ತ್ರಜ್ಞರು ಹಾಗೂ ಸಸ್ಯರೋಗ ತಜ್ಞರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರು. ಬೆಳೆಗೆ ಹಾನಿ ಮಾಡುವ ಕೀಟವನ್ನು ಹತೋಟಿಗೆ ತರುವ ಮುನ್ನ ಅದರ ಜೀವನಕ್ರಮವನ್ನು ಅರಿಯಬೇಕೆಂಬ ಪದ್ಧತಿಯು ಸಂಸ್ಥಾನದಲ್ಲಿ ನೆಲೆಗೊಂಡಿದ್ದು ಇವರ ಕಾಲದಲ್ಲಿ.

ಆರಂಭಿಕ ಜೀವನ

ಕೋಲ್ಮನ್ ಅವರು ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಾಟಿಂಗೆನ್‌ನಲ್ಲಿ ಉನ್ನತ ಸಂಶೋಧನೆ ಕೈಗೊಂಡರು. ಅಲ್ಲಿ ಅವರು ಅಭ್ಯಸಿಸಿದ್ದು ಕೀಟಗಳನ್ನಲ್ಲ. ಮಣ್ಣಿನಲ್ಲಿ ನೈಟ್ರೇಟ್ ಉಂಟುಮಾಡುವ ಸೂಕ್ಷ್ಮಾಣುಗಳನ್ನು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದಾಗ ಶಿಲೀಂಧ್ರ ಮತ್ತು ಕೀಟ, ಎರಡೂ ವಿಷಯಗಳ ಹೊಣೆ ಅವರೊಬ್ಬರ ಮೇಲೆಯೇ ಬಿದ್ದಿತು.

ಜೋಳದ ಮಿಡತೆ

ಸಂಸ್ಥಾನದ ಒಣಭೂಮಿಯಲ್ಲಿ ಜೋಳದ ಪೈರನ್ನು ತಿಂದುಹಾಕುತ್ತಿದ್ದ ಒಂದು ಮಿಡತೆಯನ್ನು ಕೋಲ್ಮನ್ ವಿವರವಾಗಿ ಅಧ್ಯಯನ ಮಾಡಿದರು. ಸ್ಪೇನಿನ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಈ ಮಿಡತೆಗೆ ಕೋಲ್ಮೇನಿಯ ಸ್ಫೆನೇರಿಯಾಯ್ಡಿಸ್ ಎಂದು ಹೆಸರಿಟ್ಟರು. ಇದಕ್ಕೆ ಹಾರಬಲ್ಲ ರೆಕ್ಕೆಗಳಿಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ಬೆಳೆಯ ಕೊನೆಯ ದಿನಗಳಲ್ಲಿ ಹೆಣ್ಣು ಮಿಡತೆಯು ಮಣ್ಣಿನೊಳಗೆ ಮೊಟ್ಟೆಯಿಡುತ್ತದೆ. ಬೇಸಿಗೆಯಿಡೀ ಹಾಗೆಯೇ ಇರುವ ಮೊಟ್ಟೆಗಳು ಮುಂಗಾರಿನ ಮಳೆ ಬಿದ್ದ ಮೇಲೆ ಒಡೆಯುತ್ತವೆ.

ಉಪಾಯವೂ ಈ ನಡವಳಿಕೆಯಲ್ಲಿಯೇ ಇತ್ತು. ಉಳುಮೆಯಿಂದ ಮೊಟ್ಟೆಗಳು ಮೇಲಕ್ಕೆ ಬಂದರೆ ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ. ಹಾರಲಾರದ ಮರಿಗಳನ್ನು ಹೊಲದಲ್ಲಿಯೇ ಬಲೆಯಿಂದ ಹಿಡಿಯಬಹುದು. ದುಬಾರಿ ಔಷಧವನ್ನು ಕೊಳ್ಳಲಾಗದ ರೈತನಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಈ ಮಿಡತೆಯ ಕುರಿತ ಇಲಾಖೆಯ ಪ್ರಕಟಣೆ 1911ರಲ್ಲಿ ಹೊರಬಂದಿತು. ಭತ್ತದ ಮಿಡತೆಯ ಅಧ್ಯಯನವೂ ಅದೇ ಕಾಲದ್ದು.

ಅಡಿಕೆಯ ಕೊಳೆರೋಗ

ರೈತರ ನಡುವೆ ಕೋಲ್ಮನ್ ಹೆಸರು ಹೆಚ್ಚಾಗಿ ಉಳಿದಿರುವುದು ಕೊಳೆರೋಗದ ಪರಿಹಾರದಿಂದ. ತುಮಕೂರು, ಗುಬ್ಬಿಯಂತಹ ಬಯಲುಸೀಮೆಯ ತೋಟಗಳಿಗಿಂತ ಎಡೆಬಿಡದೆ ಮಳೆ ಸುರಿಯುವ ಮಲೆನಾಡಿನಲ್ಲಿ ಈ ರೋಗದ ಕಾಟ ಬಹಳ. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. ರೋಗಕ್ಕೆ ಫೈಟಾಫ್ತೊರ ಜಾತಿಯ ಶಿಲೀಂಧ್ರ ಕಾರಣವೆಂದು ಕೋಲ್ಮನ್ ತೋರಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮಲೆನಾಡಿನ ತೋಟಗಳಲ್ಲಿ ಈ ಕ್ರಮ ಇಂದಿಗೂ ನಡೆಯುತ್ತಿದೆ.

ಪ್ರಯೋಗಾಲಯ ಮತ್ತು ಸಹಾಯಕರು

ಅಂದಿನ ಸಂಸ್ಥಾನದಲ್ಲಿ ಕೀಟಗಳ ಸಂಶೋಧನೆ ಮಾಡಬಯಸುವ ಭಾರತೀಯ ಯುವಕನಿಗೆ ಅವಕಾಶಗಳು ತೀರ ವಿರಳ. ಕೋಲ್ಮನ್ ಅವರ ಕೈಕೆಳಗೆ ಸಹಾಯಕರಾಗಿ ಸೇರಿದ ಕಣ್ಣೂರಿನ ಕೆ. ಕುಂಞಿ ಕಣ್ಣನ್ (1884–1931) ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, ಮೈಸೂರಿನ ಕೀಟಶಾಸ್ತ್ರಜ್ಞರಾದರು. ಕಾಫಿಯ ಶಲ್ಕ ಕೀಟಗಳ ಬಗ್ಗೆ ಇಬ್ಬರೂ ಸೇರಿ ಬರೆದರು. ಕಾಳಿನ ಹುಳುವಿನ ಮರಿಗೆ ಎದೆಯ ಮುಂಭಾಗದ ತಟ್ಟೆಯಿಂದ ಏನು ಉಪಯೋಗವೆಂಬ ಸೂಕ್ಷ್ಮ ಪ್ರಶ್ನೆಯನ್ನು ಕಣ್ಣನ್ 1923ರ ಪ್ರಕಟಣೆಯಲ್ಲಿ ಚರ್ಚಿಸಿದರು. ಲಂಟಾನ ಕಳೆಯ ಹತೋಟಿಗೆಂದು 1921ರಲ್ಲಿ ಹವಾಯಿಯಿಂದ ತರಿಸಿದ ಬೀಜದ ನೊಣ ಇಲ್ಲಿ ನೆಲೆಯೂರಿತಾದರೂ ಲಂಟಾನ ಕಡಿಮೆಯಾಗಲಿಲ್ಲ. ಕಣ್ಣನ್ ನಡುವಯಸ್ಸಿನಲ್ಲಿಯೇ ತೀರಿಕೊಂಡದ್ದು ಈ ಕ್ಷೇತ್ರಕ್ಕೆ ದೊಡ್ಡ ನಷ್ಟ.

ನಿರ್ದೇಶಕರಾಗಿ

1913ರಲ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾದರು, ಆಗ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಹೆಬ್ಬಾಳದ ಕೃಷಿ ಶಾಲೆ ಅದೇ ವರ್ಷ ಆರಂಭವಾಯಿತು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ (1925), ಮಂಡ್ಯದ ಕಬ್ಬು ಬೆಳೆ ಹಾಗೂ ಸಕ್ಕರೆ ಕಾರ್ಖಾನೆಯ ಯೋಜನೆಗಳಲ್ಲಿಯೂ ಅವರ ಪಾತ್ರವಿದೆ. ಆಡಳಿತದ ಹೊರೆ ಹೆಚ್ಚಿದಂತೆ ಕೀಟಗಳ ಕೆಲಸ ಬಹುಮಟ್ಟಿಗೆ ಸಹಾಯಕರ ಪಾಲಾಯಿತು.

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು ಸಸ್ಯಗಳ ವೈರಸ್ ರೋಗಗಳ ಸಂಶೋಧನೆಯಲ್ಲಿ ತೊಡಗಿದರು. ಹೆಬ್ಬಾಳದ ಶಾಲೆಯಿದ್ದಲ್ಲಿ 1946ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯಕ್ಕೆ ಅದೇ ತಳಹದಿಯಾಯಿತು.