ಡಿಗ್ರಿ ಮುಗಿಸದವರು ಬರೆದ ವಿಶ್ವಕೋಶ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಶಿವರಾಮ ಕಾರಂತರು ಒಂದು ಅಂಕದ ಪ್ರಶ್ನೆ. ಜ್ಞಾನಪೀಠ ಯಾವ ಕೃತಿಗೆ? ಮೂಕಜ್ಜಿಯ ಕನಸುಗಳು. ಯಾವ ವರ್ಷದ್ದು? 1977. ಬಿರುದು? ಕಡಲತೀರದ ಭಾರ್ಗವ. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುವುದು. ನಾನೂ ಅದನ್ನೇ ಮಾಡುತ್ತಿದ್ದೆ. ಒಂದು ದಿನ ಅವರ ಕೃತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವಾಗ ಕಾದಂಬರಿಗಳ ನಡುವೆ ಎರಡು ಹೆಸರುಗಳ ಮೇಲೆ ಕಣ್ಣು ನಿಂತಿತು: ಬಾಲ ಪ್ರಪಂಚ, ಮೂರು ಸಂಪುಟ, ವಿಜ್ಞಾನ ಪ್ರಪಂಚ, ನಾಲ್ಕು ಸಂಪುಟ. ಚೋಮನ ದುಡಿ ಬರೆದವರಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂಬ ಕುತೂಹಲದಿಂದ ಅವರ ಬದುಕನ್ನು ಓದಲು ಶುರು ಮಾಡಿದೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕರಾವಳಿಯ ಕೋಟದಲ್ಲಿ. ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಆಗ ಗಾಂಧೀಜಿಯವರ ಅಸಹಕಾರ ಚಳವಳಿಯ ಗಾಳಿ ಬೀಸುತ್ತಿತ್ತು. ಓದು ಬಿಟ್ಟು ಹೊರಬಂದರು, ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಂದರೆ ಇವತ್ತಿನ ಯಾವ ಅರ್ಜಿಯಲ್ಲೂ ಡಿಗ್ರಿಯ ಕಾಲಂ ತುಂಬಲಾಗದ ಮನುಷ್ಯ. (ಮುಂದೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೂ ಸೇರಿ ಹಲವು ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟವು. ಅದು ಬೇರೆ ಮಾತು.) ಆಮೇಲಿನ ವರ್ಷಗಳಲ್ಲಿ ಖಾದಿ ಪ್ರಚಾರ ಮಾಡಿದರು, ವಸಂತ ಎಂಬ ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರಕ್ಕೂ ಕೈ ಹಾಕಿದರು. ಮನೆಯವರ ಕಣ್ಣಿಗೆ ಇದೆಲ್ಲ ಹೇಗೆ ಕಂಡಿರಬಹುದು ಎಂಬುದನ್ನು ಪರೀಕ್ಷೆ ಮೇಲೆ ಪರೀಕ್ಷೆ ಬರೆಯುತ್ತ ಕುಳಿತ ನಾವು ಸುಲಭವಾಗಿ ಊಹಿಸಬಲ್ಲೆವು.

ಕಡೆಗೆ ಪುತ್ತೂರಿನಲ್ಲಿ ನೆಲೆ ನಿಂತರು. ಅಲ್ಲಿನ ಬಾಲವನದಲ್ಲಿ ಮಕ್ಕಳಿಗೆ ಆಡುತ್ತ ಕಲಿಸುವ ಪ್ರಯೋಗ ನಡೆಸಿದರು. ಮಕ್ಕಳು ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ. ಮಳೆ ಎಲ್ಲಿಂದ ಬರುತ್ತದೆ, ನಕ್ಷತ್ರ ಎಷ್ಟು ದೂರ, ಮೀನು ನೀರೊಳಗೆ ಹೇಗೆ ಉಸಿರಾಡುತ್ತದೆ? ಇಂಥವಕ್ಕೆ ಉತ್ತರ ಹುಡುಕಲು ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕಗಳಿದ್ದವು. ಕನ್ನಡದ ಮಗುವಿನ ಕೈಗೆ ಕೊಡಲು ಅಂಥದೊಂದು ಇರಲಿಲ್ಲ. 1936ರ ಹೊತ್ತಿಗೆ ಬಾಲ ಪ್ರಪಂಚ ಹೊರಬಂತು. ಆಗ ಕಾರಂತರಿಗೆ ಮೂವತ್ತನಾಲ್ಕು ವರ್ಷ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಪುತ್ತೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಹುಬ್ಬಳ್ಳಿ-ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮೈಸೂರು ಮಹಾರಾಜರದ್ದು, ಕಲಬುರ್ಗಿ ನಿಜಾಮರದ್ದು. ಕನ್ನಡದ ಮಕ್ಕಳಿಗೆಲ್ಲ ಒಂದು ಪುಸ್ತಕ ಮಾಡಿಸೋಣ ಎನ್ನಲು ಒಂದು ಸರ್ಕಾರವೇ ಇರಲಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವ ಯತ್ನ ಅದಕ್ಕೂ ಮೊದಲು ನಡೆದಿತ್ತು ನಿಜ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ ವಿಜ್ಞಾನ ಎಂಬ ಮಾಸಪತ್ರಿಕೆ ತಂದಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ಜರ್ಮನಿಯ ಅಲೆಕ್ಸಾಂಡರ್ ವಾನ್ ಹಂಬೋಲ್ಟ್. ದಕ್ಷಿಣ ಅಮೆರಿಕದ ಕಾಡು, ಬೆಟ್ಟ, ನದಿಗಳನ್ನು ಐದು ವರ್ಷ ಸುತ್ತಿ ಬಂದವನು. ಆಕಾಶದ ನಕ್ಷತ್ರದಿಂದ ಹಿಡಿದು ಬಂಡೆಯ ಮೇಲಿನ ಪಾಚಿಯವರೆಗೆ ಎಲ್ಲವನ್ನೂ ಒಂದೇ ಕೃತಿಯಲ್ಲಿ ಹೇಳುತ್ತೇನೆಂದು ಇಳಿವಯಸ್ಸಿನಲ್ಲಿ ಕಾಸ್ಮೋಸ್ ಬರೆಯಲು ಕುಳಿತ. ಮೊದಲ ಸಂಪುಟ 1845ರಲ್ಲಿ ಬಂತು. 1859ರಲ್ಲಿ ತೀರಿಕೊಂಡಾಗ ಐದನೆಯದು ಇನ್ನೂ ಅಪೂರ್ಣವಾಗಿತ್ತು. ಆದರೆ ಅವನಿಗೆ ತಾಯಿಯಿಂದ ಬಂದ ಆಸ್ತಿಯಿತ್ತು, ಯುರೋಪಿನ ವಿಜ್ಞಾನಿಗಳೆಲ್ಲ ಪತ್ರ ಬರೆದು ಮಾಹಿತಿ ಕೊಡುತ್ತಿದ್ದರು. ಪುತ್ತೂರಿನಲ್ಲಿ ಇದ್ಯಾವುದೂ ಇರಲಿಲ್ಲ. ಕಾರಂತರು ಪುಸ್ತಕ ತರಿಸಿ ಓದಬೇಕಿತ್ತು, ತಾವು ಮೊದಲು ಅರ್ಥ ಮಾಡಿಕೊಳ್ಳಬೇಕಿತ್ತು, ಆಮೇಲೆ ಕನ್ನಡದಲ್ಲಿ ಹೇಳಬೇಕಿತ್ತು.

ವಿಜ್ಞಾನ ಪ್ರಪಂಚ ಬಂದದ್ದು 1960ರ ಆಸುಪಾಸಿನಲ್ಲಿ. ಈ ಸಲ ಓದುಗರು ಮಕ್ಕಳಲ್ಲ, ದೊಡ್ಡವರು. 1957ರಲ್ಲಿ ಸ್ಪುಟ್ನಿಕ್ ಹಾರಿತ್ತು, 1961ರಲ್ಲಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದ. ದಿನಪತ್ರಿಕೆ ಓದುವ ಕನ್ನಡಿಗನಿಗೆ ಈ ಸುದ್ದಿಗಳ ಹಿಂದಿನ ವಿಜ್ಞಾನ ತಿಳಿಯಬೇಕಾದರೆ ಇಂಗ್ಲಿಷ್ ಬಂದಿರಲೇಬೇಕೆ? ಬೇಡ ಎಂಬುದೇ ಆ ನಾಲ್ಕು ಸಂಪುಟಗಳ ಉತ್ತರ. ಮುಂದೆ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶ ತಂದಿತು. ಅದರ ಮೊದಲ ಸಂಪುಟ 1969ರದು, ಒಟ್ಟು 14. ಅದರ ಹಿಂದೆ ದೊಡ್ಡ ವಿದ್ವಾಂಸರ ಪಡೆಯೇ ಇತ್ತು. ಕಾರಂತರ ಹಿಂದೆ ಇದ್ದದ್ದು ಅವರ ಮೇಜು, ಮತ್ತು ಬೆನ್ನು ಬಿಡದ ಸಾಲ.

ಅವರೇನೂ ಪ್ರಯೋಗಶಾಲೆಯ ವಿಜ್ಞಾನಿಯಲ್ಲ, ಬೇರೆಯವರು ಕಂಡುಹಿಡಿದದ್ದನ್ನು ಓದಿ ಹೇಳಿದವರು. ವಿಜ್ಞಾನದ ಪುಸ್ತಕ ಬೇಗ ಹಳತಾಗುತ್ತದೆ ಎಂಬುದೂ ಸತ್ಯ. ಭೂಖಂಡಗಳು ಸರಿಯುತ್ತವೆ ಎಂಬ ವಿಚಾರವನ್ನು ವಿಜ್ಞಾನಿಗಳು ಒಪ್ಪಿದ್ದೇ 1960ರ ದಶಕದ ಕೊನೆಗೆ. ಅದಕ್ಕೂ ಮೊದಲು ಭೂಮಿಯ ಬಗ್ಗೆ ಬಂದ ಯಾವ ಪುಸ್ತಕವನ್ನಾದರೂ ಇಂದು ಪರೀಕ್ಷೆಗೆ ನೆಚ್ಚಿಕೊಳ್ಳಲಾಗದು. ಆದರೆ ಕಾರಂತರು ಅಷ್ಟಕ್ಕೆ ಬಿಟ್ಟವರಲ್ಲ. ವಿಚಿತ್ರ ಖಗೋಲ, ವಿಶಾಲ ಸಾಗರಗಳು, ಹಿರಿಯ ಕಿರಿಯ ಹಕ್ಕಿಗಳು ಹೀಗೆ ಒಂದರ ಮೇಲೊಂದು ಬರೆಯುತ್ತಲೇ ಹೋದರು. ಕಾದಂಬರಿಗಳೂ ಜೊತೆಗೇ ನಡೆದವು, ನಲವತ್ತಕ್ಕೂ ಹೆಚ್ಚು.

ನನ್ನನ್ನು ಹೆಚ್ಚು ಕಾಡಿದ್ದು ಅವರ ಎಂಬತ್ತರ ನಂತರದ ಬದುಕು. ನಾವೆಲ್ಲ ನಿವೃತ್ತಿ, ಪಿಂಚಣಿ ಎಂದು ಲೆಕ್ಕ ಹಾಕುವ ವಯಸ್ಸನ್ನು ಎಂದೋ ದಾಟಿದವರು ನಮ್ಮ ಜಿಲ್ಲೆಯ ಗೋಮಾಳದ ಜಗಳಕ್ಕೆ ಬಂದರು. 1980ರ ದಶಕದಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡುವ ಯೋಜನೆಯಾಗಿತ್ತು. ಹಳ್ಳಿಯವರ ದನ ಮೇಯುವ ನೆಲ, ಉರುವಲು ಆರಿಸುವ ನೆಲ ಅದು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರಲ್ಲಿ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದೇ ಆ ಸತ್ಯಾಗ್ರಹದ ಹೆಸರು. ಅಪ್ಪಟ ನಮ್ಮ ಕಡೆಯ ಮಾತು! ಕೊನೆಗೆ ಆ ಕಂಪನಿಯನ್ನೇ ಮುಚ್ಚಲಾಯಿತು.

ಎಲ್ಲ ಕಡೆ ಗೆಲುವೇ ಸಿಗಲಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರ ಬೇಡವೆಂದು ಹೋರಾಡಿದರು, ಪರಿಸರದ ಮಾತನ್ನೇ ಮುಂದಿಟ್ಟು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಸ್ಥಾವರವೂ ಎದ್ದು ನಿಂತಿತು. ಕಾರಂತರು ಮತ್ತೆ ಮೇಜಿಗೆ ಮರಳಿದರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.