ನಟಭೈರವ ವಜ್ರಮುನಿ

ಖಳನಾಯಕ ಎಂದೊಡನೆ ನಮ್ಮ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ವಜ್ರಮುನಿ. 1944ರ ಮೇ 11ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಸದಾನಂದ ಸಾಗರ್. ಮನೆದೇವರು ವಜ್ರಮುನೇಶ್ವರ. ಆ ದೇವರ ಹೆಸರೇ ಮುಂದೆ ಅವರಿಗೂ ನಿಂತಿತು.

ಸಿನಿಮಾಕ್ಕೆ ಬರುವ ಮೊದಲು ಅವರು ರಂಗಭೂಮಿಯಲ್ಲಿದ್ದರು. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಲ್ಲಿ ಅವರದು ರಾವಣನ ಪಾತ್ರ. ಶಾಸ್ತ್ರಿಗಳ ತಮ್ಮ, ನಿರ್ದೇಶಕ ಪುಟ್ಟಣ್ಣ ಕಣಗಾಲ್ ಈ ರಾವಣನನ್ನು ಮೆಚ್ಚಿ 'ಸಾವಿರ ಮೆಟ್ಟಿಲು' ಚಿತ್ರಕ್ಕೆ ಆರಿಸಿಕೊಂಡರು. ಆದರೆ ಆ ಚಿತ್ರ ನಿಂತುಹೋಯಿತು. ಹೊಸಬನಿಗೆ ಅದು ಸಣ್ಣ ಪೆಟ್ಟಲ್ಲ. ಪುಟ್ಟಣ್ಣ ಮಾತ್ರ ಕೈಬಿಡಲಿಲ್ಲ. 1969ರಲ್ಲಿ 'ಮಲ್ಲಮ್ಮನ ಪವಾಡ'ದಲ್ಲಿ ರಾಜ್‌ಕುಮಾರ್, ಬಿ. ಸರೋಜಾದೇವಿ ಅವರೆದುರು ವಜ್ರಮುನಿ ಕನ್ನಡಿಗರಿಗೆ ಪರಿಚಯವಾದರು.

1974ರ 'ಸಂಪತ್ತಿಗೆ ಸವಾಲ್' ಅವರನ್ನು ಮನೆಮಾತಾಗಿಸಿತು. ಧುತ್ತರಗಿಯವರ ನಾಟಕವನ್ನು ಆಧರಿಸಿ ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅವರು ಬಡವರ ಹೊಟ್ಟೆಯ ಮೇಲೆ ಹೊಡೆಯುವ ಸಾಹುಕಾರ ಸಿದ್ದಪ್ಪ. ನಮ್ಮ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯ ಆಚೆಯ ಹಳ್ಳಿಗಳಿಂದ ಪೀಣ್ಯದ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳು ಬಹಳ. ಬಡ್ಡಿಯ ಲೆಕ್ಕ, ಅಡವಿಟ್ಟ ಹೊಲ ಎಂದರೇನೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಸಿದ್ದಪ್ಪನನ್ನು ಜನ ದ್ವೇಷಿಸಿದ್ದು ಅವನು ವಿಚಿತ್ರ ಮನುಷ್ಯನೆಂದಲ್ಲ, ಗುರುತಿನವನೆಂದು.

ನಾನು ಸಾಫ್ಟ್‌ವೇರ್ ಕೆಲಸದವನು. ನನ್ನ ವಯಸ್ಸಿನವರಿಗೆ ಖಳ ಎಂದರೆ 2008ರ 'ದಿ ಡಾರ್ಕ್ ನೈಟ್' ಚಿತ್ರದ ಜೋಕರ್. ಆ ಪಾತ್ರ ಮಾಡಿದ ಹೀತ್ ಲೆಡ್ಜರ್ ಚಿತ್ರ ತೆರೆಕಾಣುವ ಮೊದಲೇ, 28ನೇ ವಯಸ್ಸಿಗೆ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಆಸ್ಕರ್ ಬಂತು. ಜೋಕರ್ ಹಣದ ರಾಶಿಗೇ ಬೆಂಕಿ ಇಡುತ್ತಾನೆ, ಅವನಿಗೆ ಏನೂ ಬೇಡ. ವಜ್ರಮುನಿಯವರ ಖಳನಿಗೆ ಹೊಲ ಬೇಕು, ಹಣ ಬೇಕು, ಊರು ತಲೆಬಾಗಬೇಕು. ಜೋಕರ್ ನಮ್ಮನ್ನು ಬೆಚ್ಚಿಬೀಳಿಸುತ್ತಾನೆ. ಸಿದ್ದಪ್ಪ ನಮ್ಮೊಳಗಿನ ಆಸೆಯನ್ನೇ ತೋರಿಸುತ್ತಾನೆ. ಒಬ್ಬರು ಒಂದೇ ಪಾತ್ರದಿಂದ ಜಗತ್ತಿನ ನೆನಪಿನಲ್ಲಿ ಉಳಿದರು. ಇನ್ನೊಬ್ಬರು ಮೂರು ದಶಕ ಜನರ ಸಿಟ್ಟನ್ನೇ ಕೂಲಿಯಾಗಿ ಪಡೆದರು.

'ಮಯೂರ', 'ಪ್ರೇಮದ ಕಾಣಿಕೆ', 'ಗಿರಿಕನ್ಯೆ' ಹೀಗೆ ಚಿತ್ರಗಳು ಸಾಲುಗಟ್ಟಿದವು. ಏರಿದ ಹುಬ್ಬು, ಗುಡುಗಿನ ದನಿ, ಎದೆ ನಡುಗಿಸುವ ನಗು ಅವರ ಆಸ್ತಿ. ತೆರೆಯ ಮೇಲೆ ಅವರನ್ನು ಕಂಡರೆ ಹೆಂಗಸರು ಶಾಪ ಹಾಕುತ್ತಿದ್ದರು. ತೆರೆಯಾಚೆ ಅವರು ಮೃದು ಸ್ವಭಾವದ ಮನುಷ್ಯರೆಂದು ಬಲ್ಲವರು ಹೇಳುತ್ತಾರೆ. ನಾಯಕನಿಗೆ ಬೀಳುವ ಚಪ್ಪಾಳೆಯಲ್ಲಿ ಖಳನ ಪಾಲೂ ಇದೆ. ರಾಜ್‌ಕುಮಾರ್ ಗೆದ್ದರೆ ಜನ ಸಿಳ್ಳೆ ಹಾಕಿದ್ದು, ಸೋತವನು ವಜ್ರಮುನಿಯಂಥ ಗಟ್ಟಿಗನಾದ್ದರಿಂದ.

ಕೊನೆಯ ವರ್ಷಗಳಲ್ಲಿ ಅನಾರೋಗ್ಯ ಅವರನ್ನು ಕ್ಯಾಮೆರಾದಿಂದ ದೂರ ಮಾಡಿತು. 2006ರ ಜನವರಿ 5ರಂದು ಅವರು ತೀರಿಕೊಂಡರು. ಅದೇ ವರ್ಷದ ಏಪ್ರಿಲ್ 12ರಂದು ರಾಜ್‌ಕುಮಾರ್ ಅವರೂ ಹೊರಟರು. ಎದುರುಬದುರು ನಿಂತು ಕನ್ನಡ ಚಿತ್ರರಂಗವನ್ನು ಬೆಳೆಸಿದ ಇಬ್ಬರನ್ನು ನಾಡು ನಾಲ್ಕು ತಿಂಗಳೊಳಗೆ ಕಳೆದುಕೊಂಡಿತು.

ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ರಾಮನಾಗಲು ಎಲ್ಲರೂ ಕೈ ಎತ್ತುತ್ತಾರೆ. ರಾವಣನ ಪಾತ್ರ ಬಂದ ಮಗು ಮುಖ ಸಪ್ಪಗೆ ಮಾಡಿಕೊಳ್ಳಬೇಕಿಲ್ಲ. ವಜ್ರಮುನಿಯವರ ದಾರಿ ಶುರುವಾದದ್ದು ಆ ಕಿರೀಟದಿಂದಲೇ.