ಎರವಲು ಕೈಗವಸಿನ ವಿಕೆಟ್ ಕೀಪರ್ ಬುಧಿ ಕುಂದರನ್

ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ಮಾಡುವ ಹನ್ನೊಂದು ಮಂದಿಯ ಪೈಕಿ ಕೈಗವಸು ತೊಡಲು ನಿಯಮವು ಅನುಮತಿ ನೀಡುವುದು ವಿಕೆಟ್ ಕೀಪರನಿಗೆ ಮಾತ್ರ. ಆ ಕೈಗವಸನ್ನೂ ಎರವಲು ಪಡೆದು ಟೆಸ್ಟ್ ಅಂಗಳಕ್ಕಿಳಿದ ಕನ್ನಡ ನಾಡಿನ ಆಟಗಾರ ಬುಧಿಸಾಗರ ಕೃಷ್ಣಪ್ಪ ಕುಂದರನ್.

1939ರ ಅಕ್ಟೋಬರ್ 2ರಂದು ಕರಾವಳಿಯ ಮೂಲ್ಕಿಯಲ್ಲಿ ಜನಿಸಿದ ಕುಂದರನ್ ಬೆಳೆದದ್ದು ಮುಂಬಯಿಯ ಬಡ ಕುಟುಂಬದಲ್ಲಿ. ಮಗನ ಕ್ರಿಕೆಟ್ ತಂದೆಗೆ ಇಷ್ಟವಿರಲಿಲ್ಲ. ರಣಜಿ ಪಂದ್ಯವೊಂದನ್ನೂ ಆಡುವ ಮೊದಲೇ, 1960ರ ಜನವರಿ 1ರಂದು, ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡುವ ಅವಕಾಶ ಅವರಿಗೆ ಒದಗಿತು. ಹಿಂದಿನ ರಾತ್ರಿಯನ್ನು ಅವರು ಕಳೆದದ್ದು ಇಕ್ಕಟ್ಟಾದ ಮನೆಯಲ್ಲಲ್ಲ, ಸಮೀಪದ ಉದ್ಯಾನದಲ್ಲಿ. ಸ್ವಂತ ಕೈಗವಸು ಇರಲಿಲ್ಲ. ಅದನ್ನು ನೀಡಿದವರು ನರೇನ್ ತಮ್ಹಾನೆ. ಕೆಲವೇ ದಿನಗಳ ಹಿಂದೆ ಕಾನ್ಪುರದಲ್ಲಿ ಭಾರತ ಆಸ್ಟ್ರೇಲಿಯಾವನ್ನು ಸೋಲಿಸಿದಾಗ ವಿಕೆಟ್ ಹಿಂದೆ ನಿಂತಿದ್ದವರು ಅವರೇ. ತಮ್ಮ ಸ್ಥಾನ ಪಡೆದ ತರುಣನಿಗೇ ಅವರು ತಮ್ಮ ಕೈಗವಸು ಕೊಟ್ಟರು.

ಸುಮಾರು 156ರಿಂದ 163 ಗ್ರಾಂ ತೂಗುವ ಗಟ್ಟಿ ಚೆಂಡು ದಿನವಿಡೀ ಅಂಗೈಗೆ ಬಡಿಯುತ್ತಿರುತ್ತದೆ. ಹೊರಗೆ ಚರ್ಮ, ಅಂಗೈ ಭಾಗಕ್ಕೆ ಚುಕ್ಕಿಗಳ ರಬ್ಬರು, ಒಳಗೆ ಮತ್ತೊಂದು ತೆಳುವಾದ ಕೈಗವಸು. ಇವೇ ಕೀಪರನ ರಕ್ಷಣೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಪಟ್ಟಿಯನ್ನು ಬಿಟ್ಟರೆ ಬೇರೆ ಬೆರಳುಗಳ ನಡುವೆ ಜಾಲ ಇರಕೂಡದೆಂಬುದು ನಿಯಮ. ಅಳತೆ ತಪ್ಪಿದರೆ ಹಿಡಿತ ಸಡಿಲಾಗುತ್ತದೆ, ಬೆರಳಿಗೆ ಪೆಟ್ಟಾಗುತ್ತದೆ. ಪರರ ಕೈಗೆ ಒಗ್ಗಿದ ಕೈಗವಸು ತೊಟ್ಟು ಮೊದಲ ಟೆಸ್ಟ್ ಆಡುವುದು ಸುಲಭದ ಮಾತಾಗಿರಲಿಲ್ಲ.

ಮುಂದಿನ ಟೆಸ್ಟ್‌ನಲ್ಲಿ, ಮದರಾಸಿನಲ್ಲಿ, ಆರಂಭಿಕನಾಗಿ ಬಂದ ಕುಂದರನ್ 71 ರನ್ ಗಳಿಸಿದರು. ರೈಲ್ವೇಸ್ ಪರ ಆಡಿದ ಚೊಚ್ಚಲ ರಣಜಿ ಪಂದ್ಯದಲ್ಲಿ 205 ರನ್ ಬಾರಿಸಿದರು. ಮೈಸೂರು ತಂಡಕ್ಕೂ ಆಡಿದರು. 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದರಾಸಿನಲ್ಲಿ ಗಳಿಸಿದ 192 ರನ್ ಅವರ ಶ್ರೇಷ್ಠ ಆಟ. ಆ ಸರಣಿಯಲ್ಲಿ ಒಟ್ಟು 525 ರನ್ ಗಳಿಸಿದರು. ಆದರೂ ಫಾರೂಕ್ ಎಂಜಿನಿಯರ್ ಅವರೊಂದಿಗಿನ ಪೈಪೋಟಿಯಲ್ಲಿ ಸ್ಥಾನ ಎಂದೂ ಭದ್ರವಾಗಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೈಗವಸು ಕಳಚಿ ಬೌಲಿಂಗ್ ಆರಂಭಿಸಿದ್ದೇ ಕೊನೆಯ ಟೆಸ್ಟ್. ಹದಿನೆಂಟು ಟೆಸ್ಟ್‌ಗಳಲ್ಲಿ 981 ರನ್, 23 ಕ್ಯಾಚ್, 7 ಸ್ಟಂಪಿಂಗ್ ಅವರ ಗಳಿಕೆ. ಬಳಿಕ ಸ್ಕಾಟ್ಲೆಂಡ್‌ನಲ್ಲಿ ನೆಲೆಸಿ ಅಲ್ಲಿನ ತಂಡಕ್ಕೂ ಆಡಿದ ಅವರು 2006ರ ಜೂನ್ 23ರಂದು ಗ್ಲಾಸ್ಗೊದಲ್ಲಿ ನಿಧನರಾದರು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಹೊಲವೇ ಹುಡುಗರ ಮೈದಾನ. ಇಡೀ ತಂಡಕ್ಕೆ ಒಂದೇ ಜೊತೆ ಕೈಗವಸು ಇರುವುದೂ ಉಂಟು. ಅಂತಹ ಹುಡುಗರು ನೆನೆಯಬೇಕಾದ ಹೆಸರು ಒಂದಲ್ಲ, ಎರಡು: ಎರವಲು ಪಡೆದ ಕುಂದರನ್ ಮತ್ತು ಸ್ಥಾನ ಹೋದರೂ ಕೈಗವಸು ಕೊಟ್ಟ ತಮ್ಹಾನೆ.